ಪೂಜೆ ಮಾಡಿಸಿದ ಕೀ

"ಮೇಡಂ, ಗಾಡಿ ಮುಂದಕ್ಕೆ ತಗೊಳ್ಳಿ! ನಿಂಬೆಹಣ್ಣು ಇಟ್ಟು ಎಷ್ಟೊತ್ತಾಯ್ತು!"

ಹೊರಗಿನಿಂದ ಯಾರೋ ಕೂಗಿದರು. ಸ್ಟೇರಿಂಗ್ ಹಿಡಿದು ಕೂತಿದ್ದ ಮೈತ್ರೇಯಿಯ ಅಂಗೈ ಬೆವೆತುಹೋಗಿತ್ತು.

ಬ್ರೇಕ್ ತುಳಿದಳು. ಸ್ಟಾರ್ಟ್ ಬಟನ್ ಒತ್ತಿದಳು.

ಏನೂ ಇಲ್ಲ!

ಮತ್ತೊಮ್ಮೆ ಒತ್ತಿದಳು... ಊಹೂಂ.

'ಅಯ್ಯೋ ದೇವರೇ! ಇವತ್ತೇನಾ? ಇಷ್ಟು ಜನರ ಎದುರಿಗೇನಾ?'

ಜೆ.ಪಿ. ನಗರದ ಆ ಪುಟ್ಟ ಅಮ್ಮನವರ ಗುಡಿಯ ಮುಂದೆ ಅಂದು ವಾಹನ ಪೂಜೆಗೆ ಸಾಲು ನಿಂತಿತ್ತು. ಮೈತ್ರೇಯಿಯ ಹೊಸ ಬಿಳಿ ಕಾರಿಗೆ ಚೆಂಡು ಹೂವಿನ ಹಾರ ಬಿದ್ದಿತ್ತು, ಬಾನೆಟ್ಟಿನ ಮೇಲೆ ಸ್ವಸ್ತಿಕ ಮೂಡಿತ್ತು, ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಕೂತಿತ್ತು. ಬೆಳಿಗ್ಗೆ ಜಯನಗರದ ಮನೆಯಿಂದ ಬೆಣ್ಣೆಯ ಹಾಗೆ ಬಂದಿದ್ದ ಗಾಡಿ! ಮಂಗಳಾರತಿ ಮುಗಿದು, ಅರ್ಚಕರು ತಟ್ಟೆಯಿಂದ ಕೀ ಎತ್ತಿ ಕೈಗೆ ಕೊಟ್ಟದ್ದೇ ತಡ, ಸತ್ತು ಮಲಗಿಬಿಟ್ಟಿತ್ತು.

"ಏನಾಯ್ತೇ ಮೈತ್ರಿ?" ಪಕ್ಕದ ಸೀಟಿನಲ್ಲಿದ್ದ ಅಮ್ಮ ವಾರಿಜಾ ಮೆಲ್ಲಗೆ ಕೇಳಿದರು. "ಅಪಶಕುನ ಕಣೇ... ಪೂಜೆ ಆದ್ಮೇಲೆ ಗಾಡಿ ನಿಂತ್ಬಿಡೋದು ಅಂದ್ರೆ..."

"ಅಮ್ಮಾ, ಸುಮ್ನಿರು!"

ಕಿಟಕಿಯ ಹತ್ತಿರ ಒಂದು ಮುಖ ಬಾಗಿತು. ಹಣೆಯಲ್ಲಿ ವಿಭೂತಿ, ಮೂವತ್ತರ ಆಸುಪಾಸಿನ ವಯಸ್ಸು. ಅವಳ ಗಾಡಿಗೆ ಒತ್ತಿಕೊಂಡೇ ನಿಂತಿದ್ದ ಇನ್ನೊಂದು ಬಿಳಿ ಕಾರಿನವನು. ಅದೇ ಕಂಪನಿ, ಅದೇ ಮಾಡೆಲ್ಲು, ಅದೇ ಚೆಂಡು ಹೂವು. ಇಬ್ಬರಿಗೂ ಒಟ್ಟಿಗೇ ಪೂಜೆಯಾಗಿತ್ತು. ಅವನ ನಿಂಬೆಹಣ್ಣುಗಳು ಆಗಲೇ ಅಪ್ಪಚ್ಚಿಯಾಗಿದ್ದವು.

"ಬ್ರೇಕ್ ತುಳ್ಕೊಂಡು ಬಟನ್ ಒತ್ತಿದ್ರಾ ಮೇಡಂ?"

"ಒತ್ತಿದೀನಿ ಸಾರ್! ಅಷ್ಟೂ ಗೊತ್ತಾಗಲ್ವಾ ನಂಗೆ?"

ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಅವನು ನೋಡಿಬಿಟ್ಟ. ಅವನ ದನಿ ತಗ್ಗಿತು.

"ಬೇಜಾರ್ ಮಾಡ್ಕೋಬೇಡಿ. ಸ್ವಲ್ಪ ಇಳೀರಿ, ನಾನೊಂದ್ಸಲ ನೋಡ್ತೀನಿ."

ಅವಳು ಇಳಿದಳು. ಅವನು ಕೂತ. ಬಟನ್ ಒತ್ತಿದ.

ಗುರ್ರ್...

ಕಾರಿಗೆ ಜೀವ ಬಂತು! ಸುತ್ತಲಿದ್ದವರು ಚಪ್ಪಾಳೆಯನ್ನೇ ತಟ್ಟಿದರು. ಹೂವಿನಂಗಡಿಯ ಮುನಿಲಕ್ಷ್ಮಮ್ಮ "ಆ ಸಾರ್ ಕೈ ಚೆನ್ನಾಗದೆ ಕಣವ್ವಾ!" ಎಂದು ಅಂಗಡಿಯಿಂದಲೇ ಸರ್ಟಿಫಿಕೇಟು ಕೊಟ್ಟರು.

"ಏನ್ ಮಾಡಿದ್ರಿ?" ಮೈತ್ರೇಯಿ ಬೆರಗಾಗಿ ಕೇಳಿದಳು.

"ಏನೂ ಮಾಡ್ಲಿಲ್ಲ. ಸುಮ್ನೆ ಕೂತ್ಕೊಂಡೆ, ಅಷ್ಟೇ." ಅವನು ನಕ್ಕ. ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು.

ಅವನು ಇಳಿದ ಕೂಡಲೇ ಕಾರು ಕೀಂ ಕೀಂ ಎಂದು ಬಡಿದುಕೊಳ್ಳಲು ಶುರುಮಾಡಿತು. ಅಮ್ಮ ಬೆಲ್ಟ್ ಹಾಕಿಲ್ಲವೆಂದು ಬಯ್ಯುತ್ತಿದೆ ಅಂದುಕೊಂಡಳು ಮೈತ್ರೇಯಿ. ಪಾಪ, ಕಾರು ಹೇಳುತ್ತಿದ್ದುದೇ ಬೇರೆ. ಆದರೆ ಆ ಹೊತ್ತಿನಲ್ಲಿ ಅವಳ ಕಿವಿ ಅವಳ ಹತ್ತಿರ ಇರಲೇ ಇಲ್ಲ ಬಿಡಿ.

ಅಮ್ಮ ಕಿಟಕಿಯಿಂದ ತಲೆ ಹೊರಹಾಕಿದರು. "ನಿಮ್ ಹೆಸರೇನಪ್ಪಾ?"

"ಚಿದಾನಂದ್, ಆಂಟಿ. ಬೊಮ್ಮನಹಳ್ಳೀಲಿ ಗಾರ್ಮೆಂಟ್ಸ್ ಫ್ಯಾಕ್ಟರೀಲಿ ಕ್ವಾಲಿಟಿ ನೋಡ್ಕೋತೀನಿ. ಶರ್ಟಿಗೆ ಬಟನ್ ಸರಿಯಾಗಿದ್ಯಾ ನೋಡೋನು ನಾನು, ಕಾರ್ ಬಟನ್ ವಿಷ್ಯ ನಂಗೂ ಗೊತ್ತಿಲ್ಲ!"

"ನಂಬರ್ ಕೊಟ್ಟಿರಿ. ನಿಮ್ದೂ ಇದೇ ಗಾಡಿ ಅಲ್ವಾ..."

ಮೈತ್ರೇಯಿಗೆ ನಾಚಿಕೆಯಾಯಿತು. ಆದರೂ ನಂಬರನ್ನು ಮೊಬೈಲಿಗೆ ಹಾಕಿಕೊಂಡವಳು ಅವಳೇ.

*

ಮೈತ್ರೇಯಿ ಫಿಸಿಯೋಥೆರಪಿಸ್ಟ್. ಬಿದ್ದು ಸೊಂಟ ಮುರಿದುಕೊಂಡವರ, ಪಾರ್ಶ್ವವಾಯುವಾದವರ ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸುತ್ತಿದ್ದಳು. ಅಮ್ಮನ ಮಂಡಿನೋವಿಗೆ ಆಟೋ ಹತ್ತುವುದು ಆಗುತ್ತಿರಲಿಲ್ಲ. ಅದಕ್ಕೇ ಈ ಕಾರು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಭಾರ್ಗವ ಎಂಬುವನ ಜೊತೆ ಅವಳ ನಿಶ್ಚಿತಾರ್ಥವಾಗಿ, ಮುರಿದಿತ್ತು. ಅವನು ಇನ್ನೊಬ್ಬಳ ಜೊತೆಗಿದ್ದದ್ದು ಅವನ ಮನೆಯವರಿಗೆ ಗೊತ್ತಿತ್ತು, ಗೆಳೆಯರಿಗೆ ಗೊತ್ತಿತ್ತು. ಗೊತ್ತಿಲ್ಲದೆ ನಗುನಗುತ್ತಾ ಸೀರೆ ಆರಿಸುತ್ತಿದ್ದವಳು ಇವಳೊಬ್ಬಳೇ. ನೋವಿಗಿಂತ ಹೆಚ್ಚು ಸುಟ್ಟದ್ದು ಆ ಪೆದ್ದುತನ. 'ಇನ್ನೊಂದು ಸಲ ಯಾರ ಕೈಯಲ್ಲೂ ಪೆದ್ದಿ ಆಗಬಾರದು' ಎಂದು ಅವಳು ಅಂದೇ ತೀರ್ಮಾನಿಸಿದ್ದಳು.

ಈಗ ಕೀ ವಿಷಯಕ್ಕೆ ಬರೋಣ.

ಕಾರಿಗೆ ಎರಡು ಕೀ ಇದ್ದವು, ಎರಡೂ ಒಂದೇ ಥರ, ಕರಿ ಚಾಕೊಲೇಟಿನ ಹಾಗೆ. ತೂತಿಗೆ ಹಾಕಿ ತಿರುಗಿಸುವಂಥವಲ್ಲ, ಕಾರಿನೊಳಗೆ ಜೊತೆಗಿದ್ದರೆ ಸಾಕು. ಪೂಜೆಯಾದ ಕೀಯನ್ನು ವಾರಿಜಾ ದೇವರ ಗೂಡಿನಲ್ಲಿ, ಅರಿಶಿನದ ಬಟ್ಟಲ ಪಕ್ಕ ಇಟ್ಟರು. ದಿನದ ಓಡಾಟಕ್ಕೆ ಇನ್ನೊಂದು. ಮತ್ತೆ ಒಂದು ಶಾಸನ ಹೊರಡಿಸಿದರು.

"ನೋಡು, ಒಳ್ಳೆ ಕೆಲಸಕ್ಕೆ ಹೋಗೋವಾಗ ಮಾತ್ರ ಪೂಜೆ ಕೀ ತಗೊಂಡು ಹೋಗು. ಅಮ್ಮನವರ ಪಾದದ ಹತ್ರ ಇಟ್ಟಿದ್ದು ಅದು."

ದಿನಾಲೂ ಗಾಡಿ ಚೆನ್ನಾಗಿಯೇ ಓಡಿತು.

ತಲಘಟ್ಟಪುರದಲ್ಲಿ ಹೊಸ ಪೇಷಂಟು ಸಿಕ್ಕಿದ ದಿನ ವಾರಿಜಾ ಮಗಳ ಕೈಗೆ ಪೂಜೆ ಕೀ ಕೊಟ್ಟರು. ಕಾಂಪೌಂಡಿನೊಳಗಿದ್ದ ಕಾರಿಗೆ ಲಾಕು ಹಾಕುವ ಅಭ್ಯಾಸ ಅವರ ಮನೆಯಲ್ಲಿರಲಿಲ್ಲ. ಮೈತ್ರೇಯಿ ಬಾಗಿಲು ತೆಗೆದು ಕೂತು ಬಟನ್ ಒತ್ತಿದಳು.

ಏನೂ ಇಲ್ಲ!

ಎದುರುಮನೆಯ ಸೋಮನಾಥ್ ಅಂಕಲ್ ಪೇಪರ್ ಮಡಚಿ ಬಂದರು. "ಬ್ಯಾಟ್ರಿ ಕಣಮ್ಮಾ, ನೂರಕ್ಕೆ ನೂರು ಬ್ಯಾಟ್ರಿ!" ಬಾನೆಟ್ ತೆಗೆದರು. ಒಳಗೆ ನೋಡಿದರು. ಮುಚ್ಚಿದರು. "ಇಲ್ಲ, ಬ್ಯಾಟ್ರಿ ಅಲ್ಲ." ಹಾಲಿನವನು ಗೇರ್ ಅಲ್ಲಾಡಿಸಿ ನೋಡಲು ಹೇಳಿದ. ಯಾರೋ ತಳ್ಳೋಣ ಅಂದರು. ಸೋಮನಾಥ್ ಅಂಕಲ್ ಓಡಿಹೋಗಿ ಕೀಯೊಳಗಿನ ಪುಟ್ಟ ಸೆಲ್ ಹೊಸದು ಹಾಕಿಸಿಕೊಂಡು ಬಂದರು. ಊಹೂಂ, ಅಲ್ಲಾಡಲಿಲ್ಲ!

ಇನ್ನೊಂದು ಕೀ ಬೀರುವಿನಲ್ಲೇ ಇತ್ತು. ಅದನ್ನು ತರುವ ಯೋಚನೆ ಯಾರಿಗೂ ಬರಲಿಲ್ಲ. ಎರಡೂ ಒಂದೇ ಗಾಡಿಯ ಕೀ ತಾನೇ, ಅಮ್ಮನವರ ಪಾದ ಮುಟ್ಟಿದ್ದಕ್ಕೆ ಆಗದ್ದು ಬೀರುವಿನದಕ್ಕೆ ಆಗುತ್ತದೆಯೇ?

ಕೊನೆಗೆ ಸೋತು ಸುಣ್ಣವಾಗಿ ಚಿದಾನಂದನಿಗೆ ಫೋನ್ ಮಾಡಿದಳು.

"ಸಾರಿ, ನಿಮಗೆ ತೊಂದ್ರೆ... ಮತ್ತೆ ಸ್ಟಾರ್ಟೇ ಆಗ್ತಿಲ್ಲ. ನಂಗೇನ್ ಮಾಡೋದೂ ಗೊತ್ತಾಗ್ತಿಲ್ಲ."

"ಬಿಟಿಎಂ ಅಲ್ಲೇ ಇದೀನಿ. ಅಳ್ಬೇಡಿ, ಬಂದೆ."

'ನಾನು ಅಳ್ತಾ ಇದೀನಿ ಅಂತ ಇವರಿಗೆ ಹೇಗೆ ಗೊತ್ತಾಯ್ತು?'

ಅವನು ಬಂದ. ಕೂತ. ಒತ್ತಿದ.

ಗುರ್ರ್...

ಸೋಮನಾಥ್ ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. ವಾರಿಜಾ ಒಳಗಿಂದ ಕಾಫಿ ಹಿಡಿದೇ ಬಂದರು. "ಕೈಗುಣ! ಕೈಗುಣ ಅಂದ್ರೆ ಇದು!"

"ನಿಜ ಹೇಳಿ, ಏನ್ ಗುಟ್ಟು?" ಮೈತ್ರೇಯಿ ಹುಸಿಕೋಪದಲ್ಲಿ ಕೇಳಿದಳು.

"ಮಂತ್ರ ಗೊತ್ತು ನಂಗೆ!" ಅವನು ಕಣ್ಣು ಮಿಟುಕಿಸಿದ. ಬರೀ ತಮಾಷೆ! ಆ ತಮಾಷೆ ಮುಂದೆ ಅವನ ಕೊರಳಿಗೇ ಬರುತ್ತದೆಂದು ಪಾಪ ಅವನಿಗೇನು ಗೊತ್ತು.

ಅಷ್ಟರಲ್ಲಿ ಹೊತ್ತು ಮೀರಿತ್ತು, ಪೇಷಂಟಿನವರು ನಾಳೆ ಬನ್ನಿ ಎಂದದ್ದರಿಂದ ಗಾಡಿ ಅಂದು ಗೇಟು ದಾಟಲಿಲ್ಲ. ಅಂದಿನಿಂದ ಮಾತು ಬೆಳೆಯಿತು. ಗಾಡಿಯ ಆರೋಗ್ಯ ವಿಚಾರಿಸುವ ಮೆಸೇಜುಗಳು ಮೆಲ್ಲಗೆ ಊಟವಾಯಿತಾ, ನಿದ್ದೆ ಬಂತಾ ಎಂಬಲ್ಲಿಗೆ ಬಂದವು. ಒಂದು ಭಾನುವಾರ ಜಯನಗರದ ಕಾಂಪ್ಲೆಕ್ಸಿನ ಹತ್ತಿರ ಇಬ್ಬರೂ ಕಾಫಿ ಕುಡಿದರು. ಭಾರ್ಗವನ ವಿಷಯ ಅಮ್ಮನ ಎದುರೂ ಆಡದವಳು ಅವನ ಎದುರು ಆಡಿದಳು. ಅವನು ಸಮಾಧಾನ ಹೇಳಲಿಲ್ಲ. "ನಿಮ್ಮನ್ನ ಪೆದ್ದಿ ಮಾಡೋಕೆ ಯಾರಿಗಾದ್ರೂ ಹೇಗೆ ಮನಸ್ಸು ಬರತ್ತೆ?" ಎಂದಷ್ಟೇ ಕೇಳಿ, ತಣ್ಣಗಾದ ಅವಳ ಕಾಫಿಯ ಬದಲು ಇನ್ನೊಂದು ಬಿಸಿಯಾದದ್ದು ತಂದಿಟ್ಟ.

ಆ ರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅವಳು ನಕ್ಕಳು. ಆಮೇಲೆ ಹೆದರಿದಳು.

ಆದರೆ ಅಮ್ಮ? "ಒಳ್ಳೆ ಹುಡುಗ ಕಣೇ. ನಮ್ಮೋರಾಗಿದ್ರೆ..." ಅಂದವರು ಅಲ್ಲಿಗೇ ನಿಲ್ಲಿಸಿ, ಹುರುಳಿಕಾಯಿ ಹೆಚ್ಚುವುದಕ್ಕೆ ಕೂತಿದ್ದರು.

*

ಬಸವನಗುಡಿಯಿಂದ ಒಂದು ಸಂಬಂಧ ಬಂತು. ಹುಡುಗನ ತಾಯಿಗೆ ಮೆಟ್ಟಿಲು ಇಳಿಯಲು ಆಗದು, ನೀವೇ ಬನ್ನಿ ಎಂದಿದ್ದರು. ಬೇಡ ಎನ್ನಲು ಮೈತ್ರೇಯಿಗೆ ಬಾಯಿ ಬರಲಿಲ್ಲ. ಏನೆಂದು ಹೇಳುವುದು? ಅವನು ಪ್ರೀತಿಸುತ್ತೇನೆಂದು ಹೇಳಿದ್ದನೇ? ಇವಳು ಹೇಳಿದ್ದಳೇ?

ಅಂದು ಅಮ್ಮ ಕೊಟ್ಟದ್ದು ಯಾವ ಕೀ ಎಂದು ಬೇರೆ ಹೇಳಬೇಕೇ?

ಗಾಡಿ ಮಿಸುಕಲಿಲ್ಲ.

"ಅವರಿಗೇ ಫೋನ್ ಮಾಡೇ," ಅಮ್ಮ ಅವಸರಿಸಿದರು. "ರಾಹುಕಾಲ ಬರೋದ್ರೊಳಗೆ ಹೊರಡ್ಬೇಕು."

"ಬೇಡಮ್ಮಾ... ಅವರಿಗೆ ಬೇಡ. ನಿನ್ನ ದಮ್ಮಯ್ಯ!"

ಅಮ್ಮನೇ ಫೋನ್ ಮಾಡಿದರು.

ಚಿದಾನಂದ್ ಬಂದ. ಮೈತ್ರೇಯಿಯ ರೇಷ್ಮೆ ಸೀರೆ ನೋಡಿದ, ಮುಡಿದ ಮಲ್ಲಿಗೆ ನೋಡಿದ, ಹಿಂದಿನ ಸೀಟಿನಲ್ಲಿದ್ದ ಹಣ್ಣಿನ ತಟ್ಟೆ ನೋಡಿದ.

"ಹುಡುಗನ ಮನೆಗೆ ಹೊರಟಿದ್ವಿ," ಎಂದರು ವಾರಿಜಾ.

"ಓ... ಒಳ್ಳೇದಾಗ್ಲಿ ಆಂಟಿ."

ಮೈತ್ರೇಯಿ ನೆಲ ನೋಡುತ್ತಾ ನಿಂತಿದ್ದಳು. 'ಸ್ಟಾರ್ಟ್ ಆಗಬಾರದು... ದೇವರೇ, ಇವತ್ತೊಂದಿನ ಇವರಿಗೂ ಸ್ಟಾರ್ಟ್ ಆಗಬಾರದು!'

ಅವನು ಕೂತ. ಒಂದು ಕ್ಷಣ ಬಟನ್ ಮೇಲೆ ಬೆರಳಿಟ್ಟು ಹಾಗೇ ಇದ್ದ. ಒತ್ತಿದ.

ಗುರ್ರ್...

ಇಳಿದು ಬಾಗಿಲು ಹಿಡಿದು ನಿಂತ. ಅವಳು ಕೂರುವಾಗ ಅವನ ತುಟಿ ಅಲುಗಿತು. "ನಿಧಾನಕ್ಕೆ ಹೋಗಿ. ಕಣ್ಣು ಒರೆಸ್ಕೊಂಡು ಓಡ್ಸಿ."

ಇನ್ನೊಬ್ಬನನ್ನು ನೋಡಲು ಹೊರಟವಳ ಗಾಡಿಯನ್ನು ತನ್ನ ಕೈಯಾರೆ ಸ್ಟಾರ್ಟ್ ಮಾಡಿಕೊಟ್ಟು ಅವನು ರಸ್ತೆಯಲ್ಲೇ ನಿಂತಿದ್ದ. ಕನ್ನಡಿಯಲ್ಲಿ ಅವನು ಚಿಕ್ಕದಾಗುತ್ತಾ ಹೋದ. ಮೈತ್ರೇಯಿಗೆ ತಡೆಯಲಾಗಲಿಲ್ಲ. ಸೌತ್ ಎಂಡ್ ಸರ್ಕಲ್ ದಾಟುವಷ್ಟರಲ್ಲಿ ಗಾಡಿ ಪಕ್ಕಕ್ಕೆ ಹಾಕಿದಳು.

"ಅಮ್ಮಾ, ನಂಗೆ ಈ ಮದ್ವೆ ಬೇಡ. ನಂಗೆ ಬಲವಂತ ಮಾಡ್ಬೇಡ."

ವಾರಿಜಾ ಮಗಳ ಮುಖವನ್ನೇ ನೋಡಿದರು. ಹುಡುಗನ ಮನೆಗೆ ಫೋನ್ ಮಾಡಿ, ತಮ್ಮ ಮಂಡಿಯ ಮೇಲೆ ತಪ್ಪು ಹೊರಿಸಿ, ಬರುವುದಿಲ್ಲ ಎಂದರು.

*

"ಒಂದ್ಸಲ ಸರ್ವಿಸ್ ಸೆಂಟರಿಗೆ ತೋರ್ಸೇ ಬಿಡೋಣ," ಎಂದು ಚಿದಾನಂದನೇ ಹಠ ಹಿಡಿದಿದ್ದ. "ನಾನಿಲ್ದಿರೋವಾಗ ಎಲ್ಲಾದ್ರೂ ಕೈ ಕೊಟ್ರೆ?"

ಆ ಶನಿವಾರ ಅವನೂ ಜೊತೆಗೆ ಕೂತು ಬಂದ. ಒಳ್ಳೆ ಕೆಲಸ ಅಲ್ಲವೇ, ಅಮ್ಮ ಪೂಜೆ ಕೀ ಕೊಟ್ಟಿದ್ದರು. ಮೈತ್ರೇಯಿಯೇ ಓಡಿಸಿದಳು. ಪಕ್ಕದಲ್ಲಿ ಅವನಿದ್ದ, ಗಾಡಿ ತಕರಾರಿಲ್ಲದೆ ಬಂತು. ವಾಪಸ್ಸು ಹೋಗುವಾಗ ಎಲ್ಲ ಹೇಳಿಬಿಡಬೇಕು ಎಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಸರ್ವಿಸ್ ಸೆಂಟರಿನವನು ಅವಳ ಕೀಯನ್ನು ಯಂತ್ರಕ್ಕೆ ಹಿಡಿದು ಹುಬ್ಬು ಗಂಟಿಕ್ಕಿದ.

"ಮೇಡಂ, ಇದು ಈ ಗಾಡಿ ಕೀನೇ ಅಲ್ಲ."

"ಏನು?!"

"ಬೇರೆ ಗಾಡೀದು. ಇದ್ರಲ್ಲಿ ಸ್ಟಾರ್ಟ್ ಆಗೋ ಚಾನ್ಸೇ ಇಲ್ಲ. ನೀವು ಓಡಿಸ್ಕೊಂಡು ಬಂದ್ರಿ ಅಂದ್ರೆ, ಸರಿಯಾದ ಕೀ ಗಾಡಿ ಒಳಗೇ ಎಲ್ಲೋ ಇತ್ತು. ಸಾರ್, ನಿಮ್ ಹತ್ರ ಏನಿದೆ ಕೊಡಿ."

ಚಿದಾನಂದ್ ಜೇಬಿನಿಂದ ಗೊಂಚಲು ತೆಗೆದ. ತನ್ನ ಕಾರಿನ ಎರಡು ಕೀಗಳನ್ನೂ ಅವನು ಒಂದೇ ರಿಂಗಿಗೆ ಹಾಕಿಕೊಂಡು ಓಡಾಡುವವನು. ಸರ್ವಿಸ್ ಸೆಂಟರಿನವನು ಒಂದೊಂದೇ ಹಿಡಿದು ನೋಡಿದ.

"ಹಾಂ, ನೋಡಿ! ಇದೊಂದು ನಿಮ್ದು. ಇನ್ನೊಂದು ಮೇಡಂ ಗಾಡೀದು. ನೀವು ಒಳಗೆ ಕೂತಾಗೆಲ್ಲ ಸ್ಟಾರ್ಟ್ ಆಗ್ತಿದ್ದಿದ್ದು ಇದ್ರಿಂದ ಸಾರ್! ಒಂದ್ಸಲ ಸ್ಟಾರ್ಟ್ ಆದ್ಮೇಲೆ ಕೀ ಹೊರಗೆ ಹೋದ್ರೂ ಗಾಡಿ ನಿಲ್ಲಲ್ಲ, ಕೀಂ ಕೀಂ ಅಂತ ಬಡ್ಕೊಳ್ಳತ್ತೆ ಅಷ್ಟೇ."

ಸರ್ವಿಸ್ ಸೆಂಟರಿನವನೇನೋ ನಕ್ಕ. ಮೈತ್ರೇಯಿಯ ಕಾಲ ಕೆಳಗಿನ ನೆಲ ಕುಸಿಯಿತು.

ಮಂತ್ರ ಗೊತ್ತು ನಂಗೆ!

ಸುಮ್ನೆ ಕೂತ್ಕೊಂಡೆ, ಅಷ್ಟೇ!

ಕೈಗುಣ... ಕಾಫಿ... ಬಿಸಿ ಕಾಫಿ...

'ಮತ್ತೆ ಪೆದ್ದಿಯಾದೆ. ಇಡೀ ಬೀದಿ ನೋಡ್ತಿತ್ತು, ನಾನು ಮತ್ತೆ ಪೆದ್ದಿಯಾದೆ!'

"ನಿಮಗೆ ಮೊದ್ಲಿಂದಾನೂ ಗೊತ್ತಿತ್ತು ಅಲ್ವಾ?"

"ಮೈತ್ರೇಯಿ, ಅಮ್ಮನಾಣೆ ನಂಗೆ ಗೊತ್ತಿರ್ಲಿಲ್ಲ! ಅವತ್ತು ಎರಡು ಕೀನೂ ಅರ್ಚಕರು ಒಂದೇ ತಟ್ಟೇಲಿ ಇಟ್ಟಿದ್ರಲ್ಲ, ಅಲ್ಲೇ ಅದಲು ಬದಲಾಗಿದೆ. ನನ್ ಹತ್ರ ಇನ್ನೊಂದು ಕೀ ಜೇಬಲ್ಲಿತ್ತು, ಅದಕ್ಕೇ ನನ್ ಗಾಡಿ ಸ್ಟಾರ್ಟ್ ಆಯ್ತು. ಇದು ಯಾರ್ದು ಅಂತ ನಾನು ಯಾಕೆ ನೋಡ್ಲಿ?"

"ನನ್ನ ಹತ್ರ ಎಲ್ಲಾ ಕೇಳಿ ತಿಳ್ಕೊಂಡ್ರಿ. ಪೆದ್ದಿ ಆಗೋದಂದ್ರೆ ನಂಗೆ ಏನು ಅಂತ ಗೊತ್ತಿದ್ದೂ... ನಾನು ಅತ್ಕೊಂಡು ಫೋನ್ ಮಾಡ್ತಿದ್ದೆ. ನೀವು ಹೀರೋ ಥರ ಬಂದು ಬಟನ್ ಒತ್ತಿ ಹೋಗ್ತಿದ್ರಿ!"

ಗೊತ್ತಿರಲಿಲ್ಲ ಎಂಬುದಕ್ಕೆ ಯಾರು ತಾನೇ ಸಾಕ್ಷಿ ತೋರಿಸಬಲ್ಲರು? ಚಿದಾನಂದ್ ರಿಂಗಿನಿಂದ ಅವಳ ಕೀ ಬಿಡಿಸಿ, ಕೌಂಟರಿನ ಮೇಲಿಟ್ಟ.

"ಇನ್ನು ನಿಮ್ ಗಾಡಿ ಕೈ ಕೊಡಲ್ಲ," ಎಂದ. ತನ್ನ ಕೀ ಅವಳ ಹತ್ತಿರವೇ ಉಳಿದದ್ದನ್ನೂ ಕೇಳದೆ, ಬಿಸಿಲಿನಲ್ಲಿ ನಡೆದುಹೋದ.

*

ಗಾಡಿ ಈಗ ದಿನಾಲೂ ಸ್ಟಾರ್ಟ್ ಆಗುತ್ತಿತ್ತು.

ಯಾವ ಕೀ ಹಿಡಿದರೂ ಆಗುತ್ತಿತ್ತು. ಒಳ್ಳೆ ಕೆಲಸಕ್ಕೂ ಆಗುತ್ತಿತ್ತು, ಕೆಟ್ಟ ಕೆಲಸಕ್ಕೂ ಆಗುತ್ತಿತ್ತು. ಬಟನ್ ಒತ್ತಿದ ತಕ್ಷಣ ಗುರ್ರ್ ಅನ್ನುವ ಆ ಸದ್ದು ಕೇಳಿದರೆ ಮೈತ್ರೇಯಿಗೆ ಅಳು ಬರುತ್ತಿತ್ತು. ಫೋನ್ ಮಾಡಲು ಒಂದು ನೆಪವಾದರೂ ಬೇಡವೇ? ಗೊಟ್ಟಿಗೆರೆಯ ಪೇಷಂಟ್ ಗೌರಮ್ಮನವರಿಗೆ ಕಾಲು ಎತ್ತಿಸುತ್ತಾ ಎಣಿಕೆ ತಪ್ಪುತ್ತಿದ್ದಳು. "ಯಾಕೆ ತಾಯಿ, ಮೈ ಹುಷಾರಿಲ್ವಾ?" ಎಂದು ಪೇಷಂಟೇ ಡಾಕ್ಟರನ್ನು ಕೇಳುವ ಹಾಗಾಯಿತು!

ಅವನ ಕೀ ಅವಳ ಬ್ಯಾಗಿನಲ್ಲೇ ಇತ್ತು. ಕೊರಿಯರ್ ಮಾಡಬೇಕೆಂದು ಕವರಿನಲ್ಲಿ ಹಾಕುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. ನಂಬಬೇಕೆಂದು ಮನಸ್ಸು ಒದ್ದಾಡುತ್ತಿತ್ತು. ನಂಬಿ ಒಮ್ಮೆ ಸುಟ್ಟುಕೊಂಡ ಮನಸ್ಸು ಬೇಡ ಎನ್ನುತ್ತಿತ್ತು.

ಮಗಳ ಮುಖ ನೋಡಲಾರದೆ ವಾರಿಜಾ ಒಂದು ಮಂಗಳವಾರ ಮಧ್ಯಾಹ್ನ ಹಠ ಹಿಡಿದರು. "ನಡಿ, ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬರೋಣ. ನಿನ್ನ ಗ್ರಹಚಾರ ಕಳೀಲಿ."

ಅದೇ ಗುಡಿ. ಅದೇ ಹೂವಿನಂಗಡಿ. ಹೆಂಗಸರು ಅರ್ಧ ನಿಂಬೆಹಣ್ಣಿನ ಸಿಪ್ಪೆ ಮಗುಚಿ, ತುಪ್ಪ ಹಾಕಿ, ದೀಪ ಹಚ್ಚುತ್ತಿದ್ದರು. ವಾರಿಜಾ ಮುನಿಲಕ್ಷ್ಮಮ್ಮನ ಸ್ಟೂಲಿನ ಮೇಲೆ ಕೂತರು.

ಮುನಿಲಕ್ಷ್ಮಮ್ಮ ಮೈತ್ರೇಯಿಯನ್ನು ನೋಡಿದ್ದೇ ಮುಖ ಅರಳಿಸಿದರು. "ಅಯ್, ಬಿಳೀ ಗಾಡಿ ಅವ್ವಾ! ಗಾಡಿ ಸರಿ ಹೋಯ್ತಾ? ಆ ಸಾರು ದೀಪ ಹಚ್ಚಿದ್ದಕ್ಕೂ ಸಾರ್ಥಕ ಆಯ್ತು ಬುಡು."

"ಯಾವ ಸಾರು?"

"ಅದೇ, ಅವತ್ತು ನಿನ್ ಗಾಡಿ ಸ್ಟಾರ್ಟ್ ಮಾಡ್ಕೊಟ್ರಲ್ಲ! ಮಂಗಳವಾರ ಮಂಗಳವಾರ ಬತ್ತಾರೆ. ಅಷ್ಟು ಹೆಂಗಸ್ರ ಮಧ್ಯೆ ಒಬ್ರೇ ಗಂಡಸು ಕೂತ್ಕೊಂಡು ದೀಪ ಹಚ್ತಾರೆ. ನಂಗೆ ನಗು! ಒಂದಿನ ಕೇಳೇಬುಟ್ಟೆ, ಏನ್ ಸಾರ್ ನಿಮಗೆ ಕಷ್ಟ ಅಂತ. 'ನಂಗಲ್ಲಕ್ಕಾ, ಮೈತ್ರೇಯಿ ಅವ್ರ ಗಾಡಿ ಸರಿಹೋಗ್ಲಿ ಅಂತ. ಅದು ನಿಂತಾಗೆಲ್ಲ ಅವ್ರು ತುಂಬಾ ಅಳ್ತಾರೆ' ಅಂದ್ರು."

ಮೈತ್ರೇಯಿಯ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗೆ ಬಿತ್ತು.

'ಗಾಡಿ ಸರಿಹೋದರೆ ನಾನು ಇನ್ನು ಕರೆಯಲ್ಲ ಅಂತ ಅವರಿಗೆ ಗೊತ್ತಿತ್ತು. ಆದರೂ ಸರಿಹೋಗಲಿ ಅಂತ ದೀಪ ಹಚ್ಚಿದರು! ಕೀ ಗುಟ್ಟು ಗೊತ್ತಿದ್ದವರು ಯಾರಾದರೂ ಇಲ್ಲಿ ಬಂದು ಕೂರುತ್ತಾರಾ? ನಾನು... ನಾನು ಎಂಥಾ ಮಾತು ಆಡಿಬಿಟ್ಟೆ!'

"ಅವರು... ಈಗಲೂ ಬರ್ತಾರಾ?"

"ಈಗ ತಾನೇ ಹಚ್ಚಿ ಎದ್ರು. ನಲ್ಲಿ ಹತ್ರ ಕೈ ತೊಳೆಯೋವಾಗ ಗಾಡಿ ಕೀ ಬಕೆಟ್ಟಿಗೆ ಬೀಳ್ಸ್ಕೊಂಡ್ರು ಪಾಪ. ಅಗೋ ಅಲ್ಲಿ, ಗಾಡಿ ಮುಂದೆ ಒದ್ದಾಡ್ತಾವ್ರೆ."

ಮೈತ್ರೇಯಿ ಅಮ್ಮನ ಕಡೆ ತಿರುಗಿದಳು. ಕಣ್ಣಲ್ಲಿ ಧಾರೆ.

ವಾರಿಜಾ ಕೆಳಗೆ ಬಿದ್ದ ನಿಂಬೆಹಣ್ಣನ್ನು ಎತ್ತಿ ಸೆರಗಿನಲ್ಲಿ ಒರೆಸಿದರು.

"ಬೆಳ್ಳುಳ್ಳಿ ಹಾಕ್ದೆ ಹುಳಿ ಮಾಡಿದ್ರೆ ತಿಂತಾರಾ, ಕೇಳ್ಕೊಂಡು ಬಾ ಹೋಗು."

"ಅಮ್ಮಾ!"

"ಹೋಗೇ! ನಂಗೆ ಮಂಡಿನೋವು, ಇಲ್ದಿದ್ರೆ ನಾನೇ ಹೋಗಿ ಕೇಳ್ತಿದ್ದೆ."

*

ಚಿದಾನಂದ್ ತನ್ನ ಕಾರಿನ ಮುಂದೆ ನಿಂತು ಒದ್ದೆ ಕೀಯನ್ನು ಕರವಸ್ತ್ರದಲ್ಲಿ ಒರೆಸಿ ಒತ್ತುತ್ತಿದ್ದ, ಊದಿ ಒತ್ತುತ್ತಿದ್ದ, ಅಂಗಿಗೆ ಉಜ್ಜಿ ಒತ್ತುತ್ತಿದ್ದ. ಬಾಗಿಲೇ ತೆರೆಯುತ್ತಿರಲಿಲ್ಲ. ನಾಲ್ಕೈದು ಜನ ಸಲಹೆಗಾರರು ಆಗಲೇ ಸೇರಿದ್ದರು.

"ಬ್ಯಾಟ್ರಿ ಸಾರ್ ಅದು."

"ಬಿಸಿಲಿಗೆ ಇಡಿ ಗುರು, ಒಣಗಿದ್ರೆ ಸರಿಹೋಗತ್ತೆ."

ಹಿಂದೆ ನಿಂತಿದ್ದ ಮೈತ್ರೇಯಿ ಬ್ಯಾಗಿಗೆ ಕೈ ಹಾಕಿ ಒಂದು ಗುಂಡಿ ಒತ್ತಿದಳು.

ಟುಂಯ್ ಟುಂಯ್!

ಕಾರಿನ ದೀಪಗಳು ಮಿನುಗಿದವು. "ಆಯ್ತು, ಆಯ್ತು!" ಎಂದು ಎಲ್ಲರೂ ಕೂಗಿದರು. ಚಿದಾನಂದ್ ಅವಸರದಲ್ಲಿ ಹತ್ತಿ ಕೂತು ಬಟನ್ ಒತ್ತಿದ.

ಏನೂ ಇಲ್ಲ.

ಮತ್ತೆ ಒತ್ತಿದ. ಇಲ್ಲ. ಸ್ಟೇರಿಂಗ್ ಮೇಲೆ ಹಣೆ ಇಟ್ಟು ಕೂತುಬಿಟ್ಟ. ಅಷ್ಟು ಸೋತ ಬೆನ್ನನ್ನು ಮೈತ್ರೇಯಿ ನೋಡಿರಲೇ ಇಲ್ಲ.

ಪಕ್ಕದ ಬಾಗಿಲು ತೆರೆಯಿತು. ಅವಳು ಬಂದು ಕೂತಳು.

ಅವನು ತಲೆ ಎತ್ತಿದ. ಅವಳನ್ನೇ ನೋಡಿದ.

"ಈಗ ಒತ್ತಿ."

"ಆಗಲ್ಲ ಮೈತ್ರೇಯಿ. ನೀರಿಗೆ ಬಿದ್ದಿದೆ..."

"ಒತ್ತಿ ಅಂದ್ನಲ್ಲ!"

ಒತ್ತಿದ.

ಗುರ್ರ್...

ಅವನ ಕಣ್ಣು ಅಗಲವಾಯಿತು. "ಏ... ಏನ್ ಮಾಡಿದ್ರಿ?"

"ಏನೂ ಮಾಡ್ಲಿಲ್ಲ." ಅವಳು ನಗಲು ಹೋದಳು, ಅಳು ಬಂತು. "ಸುಮ್ನೆ ಕೂತ್ಕೊಂಡೆ, ಅಷ್ಟೇ."

ಬ್ಯಾಗಿನಿಂದ ಅವನ ಕೀ ತೆಗೆದು ಅಂಗೈಯಲ್ಲಿ ಹಿಡಿದಳು. ಅದರ ಮೂಲೆಯಲ್ಲಿ ಅಂದಿನ ಕುಂಕುಮ ಇನ್ನೂ ಅಂಟಿತ್ತು.

"ಈ ಕೀ ನನ್ ಜೊತೆಗಿದ್ರೆ ನಿಮ್ ಗಾಡಿ ಸ್ಟಾರ್ಟ್ ಆಗತ್ತೆ. ನಿಮಗೆ ಗೊತ್ತಿರ್ಲಿಲ್ಲ ಅಲ್ವಾ? ಒಂದು ಚೂರೂ ಗೊತ್ತಾಗ್ಲಿಲ್ಲ ಅಲ್ವಾ? ನಿಮಗೂ ಅವತ್ತು ಹೀಗೇ ಗೊತ್ತಿರ್ಲಿಲ್ಲ... ನಾನು ನಂಬ್ಲಿಲ್ಲ. ನನ್ ಗಾಡಿಗೆ ದೀಪ ಹಚ್ಚಿದೋರನ್ನ ನಾನು ಮೋಸಗಾರ ಅಂದ್ಬಿಟ್ಟೆ. ಕ್ಷಮಿಸ್ತೀರಾ?"

"ಮುನಿಲಕ್ಷ್ಮಕ್ಕ ಹೇಳ್ಬಿಟ್ರಾ?" ಅವನ ಕಿವಿ ಕೆಂಪಾಯಿತು.

"ಗಾಡಿ ಸರಿಹೋಯ್ತಲ್ಲ. ಮತ್ತೆ ಇವತ್ತು ಯಾಕೆ ಬಂದ್ರಿ?"

ಅವನು ಒದ್ದೆ ಕೀಯನ್ನು ಕರವಸ್ತ್ರದಲ್ಲಿ ಸುತ್ತಿಟ್ಟ.

"ಇವತ್ತು ಗಾಡಿಗಲ್ಲ. ಗಾಡಿ ಕೆಟ್ಟಾಗ ಫೋನ್ ಮಾಡೋರು, ಕೆಡ್ದೇ ಇದ್ದಾಗ್ಲೂ ಒಂದ್ಸಲ ಮಾಡ್ಲಿ ಅಂತ... ಮೈತ್ರೇಯಿ, ನೀವಿಲ್ದೆ ನಂಗೆ ಆಗಲ್ಲ. ಅವತ್ತು ರೇಷ್ಮೆ ಸೀರೆ ಉಟ್ಕೊಂಡು ಹೊರಟ್ರಲ್ಲ, ಆಗ್ಲೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ, ಬಟನ್ ಒತ್ಬಿಟ್ಟೆ."

"ನಾನು ಅರ್ಧ ದಾರಿಯಿಂದ ವಾಪಸ್ ಬಂದೆ. ಅದನ್ನ ನಾನೂ ಹೇಳ್ಲಿಲ್ಲ."

"ವಾಪಸ್... ಬಂದ್ರಾ?"

"ಹೂಂ. ನಂಗೂ ನೀವೇ ಬೇಕು ಚಿದಾನಂದ್."

ಹೊರಗೆ ಸಲಹೆಗಾರರು ಒಬ್ಬೊಬ್ಬರಾಗಿ ಚದುರಿದರು. ಮೈತ್ರೇಯಿ ಬ್ಯಾಗಿನಿಂದ ಇನ್ನೊಂದು ಕೀ ತೆಗೆದಳು. ಅವನು ಸರ್ವಿಸ್ ಸೆಂಟರಿನಲ್ಲಿ ಬಿಟ್ಟುಹೋಗಿದ್ದ ಅವಳ ಗಾಡಿಯ ಕೀ. ಅದನ್ನು ಅವನ ಕೈಯಲ್ಲಿಟ್ಟು, ಬೆರಳು ಮಡಚಿದಳು.

"ಇದು ನಿಮ್ ಹತ್ರಾನೇ ಇರ್ಲಿ. ನಿಮ್ದು ನನ್ ಹತ್ರ ಇರತ್ತೆ. ಅರ್ಚಕರು ಹಂಚಿದ ಹಾಗೇ."

"ಮತ್ತೆ ಗಾಡಿ ಸ್ಟಾರ್ಟ್ ಆಗ್ದಿದ್ರೆ?"

"ಆಗ್ದಿದ್ರೆ ಫೋನ್ ಮಾಡ್ತೀನಿ." ಅವಳು ಅವನ ಭುಜಕ್ಕೆ ತಲೆಯಾನಿಸಿದಳು. "ಆದ್ರೂ ಮಾಡ್ತೀನಿ."

ಅವನು ಎಡಗೆನ್ನೆಯ ಗುಳಿ ಬೀಳುವಂತೆ ನಕ್ಕ.

"ಈಗ ಎಲ್ಲಿಗೆ ಹೋಗೋಣ?"

"ಮೊದ್ಲು ಹೂವಿನಂಗಡಿ ಹತ್ರ. ಅಮ್ಮ ಕಾಯ್ತಿದಾರೆ. ಒಂದ್ ಪ್ರಶ್ನೆ ಕೇಳ್ಕೊಂಡು ಬಾ ಅಂದಿದಾರೆ."

"ಏನ್ ಪ್ರಶ್ನೆ?"

"ಬೆಳ್ಳುಳ್ಳಿ ಹಾಕ್ದಿರೋ ಹುಳಿ ತಿಂತೀರಾ?"

"ನೀವು ಎದುರಿಗೆ ಕೂತಿದ್ರೆ ಉಪ್ಪು ಹಾಕ್ದಿದ್ರೂ ತಿಂತೀನಿ."